ಚುಕ್ಕೆ–ಗೆರೆ ಮರೆತ ಮೇಲೆ ಬಂದ ಮೋರ್ಸ್

ಮೊದಲ ಮೂರು ತಿಂಗಳನ್ನು ನಾನು ಗೋಡೆಗೆ ಅಂಟಿಸಿದ ಒಂದು ಹಾಳೆಗೆ ಕೊಟ್ಟೆ. ಅದರಲ್ಲಿ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಮೋರ್ಸ್ ಸಂಕೇತಗಳು, ಅಂದರೆ ಚುಕ್ಕೆ, ಗೆರೆಗಳಿದ್ದವು. ಎಲ್ಲವೂ ಬಾಯಿಪಾಠವಾಯಿತು. ಆದರೆ ರೇಡಿಯೊ ರಿಸೀವರನ್ನು ಮೋರ್ಸ್ ಕೇಳಿಬರುವ 7 ಮೆಗಾಹರ್ಟ್ಸ್ ಬ್ಯಾಂಡಿನ ಕೆಳತುದಿಗೆ ತಿರುಗಿಸಿದರೆ ಒಂದು ಅಕ್ಷರವೂ ಸಿಗುತ್ತಿರಲಿಲ್ಲ. ಸದ್ದು ಕೇಳಿ, ಚುಕ್ಕೆ ಎಣಿಸಿ, ಮನಸ್ಸಿನಲ್ಲಿ ಆ ಹಾಳೆಯನ್ನು ಹುಡುಕುವಷ್ಟರಲ್ಲಿ ಮುಂದಿನ ಮೂರು ಅಕ್ಷರ ದಾಟಿ ಹೋಗುತ್ತಿದ್ದವು.

ನನ್ನ ಬಳಿ ಆಗ ಇದ್ದದ್ದು ಮೋರ್ಸ್ ಬೇಡದ ರಿಸ್ಟ್ರಿಕ್ಟೆಡ್ ದರ್ಜೆಯ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರವಾನಗಿ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದ, ಅಂದರೆ 40 ಅಕ್ಷರಗಳ ವೇಗದಲ್ಲಿ ಕೇಳಿ ಬರೆಯಬೇಕಿತ್ತು, ಕಳಿಸಲೂಬೇಕಿತ್ತು.

ಹಿರಿಯ ಹ್ಯಾಮ್ ಒಬ್ಬರು ಆ ಹಾಳೆಯನ್ನು ಕಿತ್ತುಹಾಕಿಸಿದರು. ಅವರು ತೋರಿಸಿದ್ದು ಜರ್ಮನಿಯ ಲುಡ್ವಿಗ್ ಕಾಖ್ 1930ರ ದಶಕದಲ್ಲಿ ರೂಪಿಸಿದ ಕ್ರಮ. ಮೊದಲು ಕೆ ಮತ್ತು ಎಮ್ ಎರಡೇ ಅಕ್ಷರ, ಆದರೆ ಪೂರ್ತಿ ವೇಗದಲ್ಲಿ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆಯೇ ಇನ್ನೊಂದು. ನಿಮಿಷಕ್ಕೆ 20 ಪದಗಳ ವೇಗದಲ್ಲಿ ‘ಡಾ ಡಿ ಡಾ’ (ಡಿ ಎಂದರೆ ಚುಕ್ಕೆಯ ಸದ್ದು, ಡಾ ಎಂದರೆ ಗೆರೆಯ ಸದ್ದು) ಎಂಬ ಕೆ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಎಣಿಸಲು ಸಮಯವೇ ಇಲ್ಲ. ಹಾಗಾಗಿ ಕಿವಿ ಅದನ್ನು ಇಡಿಯಾಗಿ, ಒಂದು ಹೆಸರು ಕೂಗಿದಂತೆ, ಹಿಡಿಯಲೇಬೇಕು.

ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನನಗೆ ಇಲ್ಲಿ ಒದಗಿತು. ಡಿ ಒಂದು ಮಾತ್ರೆಯ ಲಘು. ಡಾ ಎರಡು ಮಾತ್ರೆಯ ಗುರುವಲ್ಲ, ಮೂರು ಮಾತ್ರೆಯ ಪ್ಲುತ. ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಾನು ಮೋರ್ಸ್ ಕಳಿಸುವ ಕೀ ಒತ್ತಿದ್ದನ್ನು ರೆಕಾರ್ಡ್ ಮಾಡಿ ಕೇಳಿದಾಗ ನನ್ನ ಡಾ ಗುರುವಿನಷ್ಟಕ್ಕೇ ನಿಲ್ಲುತ್ತಿರುವುದು ತಿಳಿಯಿತು. ಅದನ್ನು ತಿದ್ದಲು ಎರಡು ವಾರ ಬೇಕಾಯಿತು. ಬೆರಳಿನಿಂದ ಕುಟ್ಟದೆ ಮಣಿಕಟ್ಟಿನಿಂದ ಒತ್ತಲು ಕಲಿತ ಮೇಲೆಯೇ ಅದು ಸರಿಹೋದದ್ದು.

ತುಂಬಾ ಕಾಡಿದ್ದು ವಿ ಮತ್ತು ಯು. ಭಾರತದ ಹ್ಯಾಮ್‌ಗಳನ್ನು ಗುರುತಿಸುವ ಕರೆಸಂಕೇತಗಳು ಈ ಜೋಡಿಯಿಂದಲೇ ಶುರುವಾಗುತ್ತವೆ. ‘ಡಿಡಿಡಿಡಾ ಡಿಡಿಡಾ’ ಎಂದು ಎರಡನ್ನೂ ಸೇರಿಸಿ ಬಸ್ಸಿನಲ್ಲಿ ಮೊಣಕಾಲಿನ ಮೇಲೆ ತಟ್ಟುತ್ತಾ ಹೋದೆ. ದಿನಕ್ಕೆ ಹದಿನೈದು ನಿಮಿಷ, ಎರಡು ಸಲ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂತದ್ದರಿಂದ ಏನೂ ದಕ್ಕಲಿಲ್ಲ. ತಪ್ಪಿದ ಅಕ್ಷರಕ್ಕೆ ಒಂದು ಗೆರೆ ಎಳೆದು ಮುಂದೆ ಹೋಗುವುದು ಎಲ್ಲಕ್ಕಿಂತ ಕಷ್ಟವಾಯಿತು, ಪರೀಕ್ಷೆಯಲ್ಲಿ ನನ್ನನ್ನು ಕಾಪಾಡಿದ್ದೂ ಅದೇ.

ಜನರಲ್ ಪರವಾನಗಿ ಬಂದ ಮೇಲೆ ಒಂದು ಬೆಳಗಿನ ಜಾವ, ಕೇಳುವವರು ಯಾರಾದರೂ ಉತ್ತರಿಸಿ ಎಂಬ ಅರ್ಥದ ‘ಸಿಕ್ಯೂ’ ಕಳಿಸಿದೆ. ಉತ್ತರ ಬಂದದ್ದು ನನ್ನ ಕಿವಿಗೆ ಮೀರಿದ ವೇಗದಲ್ಲಿ. ನಿಧಾನವಾಗಿ ಕಳಿಸಿ ಎಂಬ ಅರ್ಥದ ‘ಕ್ಯೂಆರ್‌ಎಸ್’ ಒತ್ತಿದೆ. ಆ ಕಡೆಯವರು ಅಕ್ಷರಗಳನ್ನು ಎಳೆಯದೆ, ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿ, ನನ್ನ ಹೆಸರನ್ನು ಎರಡು ಸಲ ಕಳಿಸಿದರು. ಲಾಗ್ ಪುಸ್ತಕದ ಆ ಸಾಲಿನಲ್ಲಿ ನನ್ನ ಕೈ ನಡುಗಿದ್ದು ಇಂದಿಗೂ ಕಾಣುತ್ತದೆ.