ಗಾಮಾ ನೈಫ್ ಆಯಿತು, ಮುಂದಿನ ವರ್ಷಗಳ ಲೆಕ್ಕ ಹೀಗಿಡಿ

"ಕರೆಂಟ್ ಕೊಡಿಸ್ಕೊಂಡು ಬಂದೀನಲ್ಲ, ಇನ್ಯಾಕ ಟೆಸ್ಟು?" ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಳ್ಳಾರಿಗೆ ಬಂದಿಳಿದ ನಮ್ಮ ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಕರೆಂಟ್ ಎಂದರೆ ವಿಕಿರಣ ಚಿಕಿತ್ಸೆ. ಮೆದುಳಿನ ಬುಡದಲ್ಲಿದ್ದು ದೇಹದ ಹಲವು ಹಾರ್ಮೋನ್‌ಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಕ್ಯಾನ್ಸರ್ ಅಲ್ಲ. ಮೂಗಿನ ಮೂಲಕ ಆಪರೇಷನ್ ಮಾಡಿದ ಮೇಲೂ ಉಳಿದಿದ್ದ ಚೂರಿಗೆ ಗಾಮಾ ನೈಫ್ ಕೊಟ್ಟಿದ್ದರು. ಹೆಸರಲ್ಲಿ ಚಾಕು ಇದ್ದರೂ ಕೊಯ್ಯುವುದಿಲ್ಲ. ನೂರಾರು ಸಣ್ಣ ವಿಕಿರಣ ಕಿರಣಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ, ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ. ಅದರ ಫಲ ಕಾಣುವುದಕ್ಕೆ ಮಾತ್ರ ವರ್ಷಗಳು ಬೇಕು.

ಮೊದಲು ನಿರೀಕ್ಷೆ ಸರಿ ಮಾಡಿಕೊಳ್ಳಿ. ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ; ಹಲವರಲ್ಲಿ ನಿಧಾನವಾಗಿ ಕುಗ್ಗುತ್ತದೆ. ಹಾರ್ಮೋನ್ ಸುರಿಸದ ಗಡ್ಡೆಯಾದರೆ ಐದು ವರ್ಷಗಳ ನಂತರವೂ ನೂರಕ್ಕೆ 90ಕ್ಕಿಂತ ಹೆಚ್ಚು ಜನರಲ್ಲಿ ಅದು ಹತೋಟಿಯಲ್ಲಿರುತ್ತದೆ. ಕೈಕಾಲು, ದವಡೆ ದಪ್ಪವಾಗಿಸುವ ಬೆಳವಣಿಗೆ ಹಾರ್ಮೋನ್ ಸುರಿಸುವ ಗಡ್ಡೆಯ ಕಥೆ ಬೇರೆ: ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಹಾರ್ಮೋನ್ ಮಟ್ಟ ಸರಿಹೋಗುತ್ತದೆ, ಅದೂ ಕೆಲವು ವರ್ಷ ಹಿಡಿದು. ಅಲ್ಲಿಯವರೆಗೆ ಮಾತ್ರೆ, ಇಂಜೆಕ್ಷನ್ ತಾವಾಗಿಯೇ ನಿಲ್ಲಿಸಬಾರದು.

ಎರಡನೆಯದು ಫೈಲು. ಡಿಸ್ಚಾರ್ಜ್ ಸಮ್ಮರಿ, ಎಷ್ಟು ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಟ್ಟರೆಂಬ ಹಾಳೆ, ಚಿಕಿತ್ಸೆಗೆ ಮುಂಚಿನ ಎಂಆರ್‌ಐ ಸಿಡಿ, ಮೂರೂ ಜತೆಗಿರಲಿ. ಬರೀ ರಿಪೋರ್ಟ್ ಸಾಲದು; ಮೊದಲ ಚಿತ್ರದ ಪಕ್ಕ ಹೊಸ ಚಿತ್ರ ಇಟ್ಟು ನೋಡಿದರೇ ಗಡ್ಡೆ ಬೆಳೆದಿದೆಯೋ ಇಲ್ಲವೋ ತಿಳಿಯುವುದು. ಸಾಮಾನ್ಯವಾಗಿ ಆರು ತಿಂಗಳಿಗೆ ಮೊದಲ ಎಂಆರ್‌ಐ, ಆಮೇಲೆ ವರ್ಷಕ್ಕೊಮ್ಮೆ. ಕಣ್ಣಿನ ನರ ಗ್ರಂಥಿಯ ಮೇಲೆಯೇ ಹಾದುಹೋಗುವುದರಿಂದ ದೃಷ್ಟಿಯ ವ್ಯಾಪ್ತಿಯ ಪರೀಕ್ಷೆಯೂ ಆಗಲಿ. ದೃಷ್ಟಿಗೆ ಪೆಟ್ಟು ಬೀಳುವುದು ಅಪರೂಪ.

ಜನ ಎಡವುವುದು ರಕ್ತ ಪರೀಕ್ಷೆಯಲ್ಲಿ. ಗಡ್ಡೆಯ ಪಕ್ಕದ ಒಳ್ಳೆಯ ಗ್ರಂಥಿಗೂ ವಿಕಿರಣ ತಾಗಿರುತ್ತದೆ. ಐದು ವರ್ಷಗಳಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಯಾವುದಾದರೊಂದು ಹಾರ್ಮೋನ್ ಕಡಿಮೆಯಾಗುತ್ತದೆ, ಹತ್ತು ವರ್ಷ ದಾಟಿದ ಮೇಲೂ ಆಗಬಹುದು. ದೊಡ್ಡಮ್ಮನಿಗೆ ಮೂರನೇ ವರ್ಷ ಸುಸ್ತು ಶುರುವಾಯಿತು. ಜೋಳದ ರೊಟ್ಟಿ ನಾಲ್ಕು ಬಡಿಯುವಷ್ಟರಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದರು. "ಬಿಸಿಲಿಗೆ ಹಂಗ" ಎಂದರು ಎಲ್ಲರೂ. ಒಂದು ಕಡೆ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್) ನೋಡಿ "ಥೈರಾಯ್ಡ್ ನಾರ್ಮಲ್" ಎಂದು ಕಳಿಸಿದರು. ಟಿಎಸ್‌ಎಚ್ ತಯಾರಿಸುವುದೇ ಪಿಟ್ಯುಟರಿ. ಅದೇ ಸೋತಾಗ ಆ ಒಂದು ಅಂಕಿ ನಂಬುವಂತಿಲ್ಲ. ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಕೇಳಿ ಬರೆಸಿಕೊಳ್ಳಿ. ಕಾಯಿಲೆ, ಒತ್ತಡ ತಾಳಲು ದೇಹಕ್ಕೆ ಬೇಕಾದ ಹಾರ್ಮೋನ್ ಕಾರ್ಟಿಸಾಲ್; ಅದಕ್ಕೆ ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೊಡಿ, ಮಧ್ಯಾಹ್ನದ ರಕ್ತದಲ್ಲಿ ಅದು ಸಹಜವಾಗಿಯೇ ಕಡಿಮೆ. ಎರಡೂ ಕಡಿಮೆಯಿದ್ದರೆ ಮೊದಲು ಕಾರ್ಟಿಸಾಲ್ ಮಾತ್ರೆ (ಹೈಡ್ರೋಕಾರ್ಟಿಸೋನ್), ನಂತರವೇ ಥೈರಾಯ್ಡ್ ಮಾತ್ರೆ. ಅದಲುಬದಲಾದರೆ ಜೀವಕ್ಕೆ ಅಪಾಯ. ಮುಟ್ಟು ನಿಂತರೆ, ಮಕ್ಕಳಾಗುವ ಯೋಚನೆಯಿದ್ದರೆ ಅದನ್ನೂ ಹೇಳಿ.

ಇಷ್ಟನ್ನು ಮಾಡಲು ಪ್ರತಿ ಸಲ ಬೆಂಗಳೂರಿಗೆ ಓಡಬೇಕಿಲ್ಲ. ರಕ್ತ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕೊಟ್ಟು, ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಫೈಲಿನೊಂದಿಗೆ ಹೋದರೂ ಹಲವರಿಗೆ ನಡೆಯುತ್ತದೆ. ಮೊದಲೇ ಕೇಳಿ ಬರೆಸಿಕೊಳ್ಳಿ.

ಕಾರ್ಟಿಸಾಲ್ ಮಾತ್ರೆ ಶುರುವಾದವರು ಒಂದು ದಿನವೂ ತಪ್ಪಿಸಬಾರದು. ಜ್ವರ ಬಂದರೆ ವೈದ್ಯರು ಹೇಳಿಕೊಟ್ಟಂತೆ ಪ್ರಮಾಣ ಹೆಚ್ಚಿಸಬೇಕು, ಸಾಮಾನ್ಯವಾಗಿ ದುಪ್ಪಟ್ಟು. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ವಾಂತಿಭೇದಿ ಹತ್ತಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿನವರಿಗೆ ನಿಮ್ಮ ಕಥೆ ಗೊತ್ತಿರುವುದಿಲ್ಲ. ದೊಡ್ಡಮ್ಮನ ಎಲೆಅಡಿಕೆ ಚೀಲದಲ್ಲಿ ಪ್ಲಾಸ್ಟಿಕ್ ಹಾಕಿಸಿದ ಒಂದು ಚೀಟಿ ಇದೆ: "ಪಿಟ್ಯುಟರಿ ಕೆಲಸ ಮಾಡುವುದಿಲ್ಲ. ತಕ್ಷಣ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಿ." ಕೆಳಗೆ ಮಗನ ಫೋನ್ ನಂಬರು.