ಅಡಿಕೆ ಹಾಳೆಯ ರಟ್ಟು, ಅಜ್ಜಿ ಕಥೆಯ ಪುಸ್ತಕ

ದೀಪಾವಳಿಯ ಹಿಂದಿನ ವಾರ ನಮ್ಮೂರ ಅರಿವು ಕೇಂದ್ರಕ್ಕೆ ಹೋಗಿ, ಮೇ ಕೊನೆಯಲ್ಲಿ ಕೊಟ್ಟಿದ್ದ, ಮಕ್ಕಳೇ ಅಡಿಕೆ ಹಾಳೆಯ ರಟ್ಟು ಹಾಕಿ ಮಾಡಿದ ಆರು ಪುಸ್ತಕ ವಾಪಸ್ ಕೇಳಿದೆ. ಪಂಚಾಯಿತಿ ಲೈಬ್ರರಿಗೇ ಈಗ ಆ ಹೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮಳೆ ಹೇಗೆ ಹೊಡೆಯುತ್ತದೆ ಅಂತ ನಿಮಗೆ ಗೊತ್ತು. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆರರಲ್ಲಿ ಐದು ಸಿಕ್ಕವು. ಮೇಜಿನ ಮೇಲೆ ಮಲಗಿಸಿ ನೋಡಿದೆ, ಐದೂ ಚಪ್ಪಟೆ. ಮೂಲೆ ಸವೆದಿವೆ, ಒಂದರ ಮೇಲೆ ಉಪ್ಪಿನಕಾಯಿ ಎಣ್ಣೆ ಬಿದ್ದಿದೆ, ಬೂಷ್ಟು ಮಾತ್ರ ಇಲ್ಲ. ಆರನೆಯದನ್ನು ಮನೆಗೆ ಒಯ್ದ ಹುಡುಗ ಇನ್ನೂ ತಂದುಕೊಟ್ಟಿಲ್ಲವಂತೆ. ಅದನ್ನೂ ಗೆಲುವಿನ ಲೆಕ್ಕಕ್ಕೇ ಹಾಕಿಕೊಂಡೆ.

ನನ್ನದು ಬೈಂಡಿಂಗ್ ಅಂಗಡಿ. ಅಪ್ಪನಿಂದ ಬಂದದ್ದು. ಶಾಲೆಯ ರಿಜಿಸ್ಟರು, ಸೊಸೈಟಿಯ ಲೆಡ್ಜರು, ಹರಿದ ಪಂಚಾಂಗ, ಇಷ್ಟೇ ಕೆಲಸ. ಏಪ್ರಿಲ್ ಎರಡನೇ ವಾರ ರಜೆ ಶುರುವಾದರೆ ಮೇ ಕೊನೆವರೆಗೆ ಅಂಗಡಿ ಖಾಲಿ, ಮನೆ ತುಂಬ ಮಕ್ಕಳು. 2022ರಲ್ಲಿ ಮಗಳು ಮತ್ತು ಅವಳ ಗೆಳತಿಯರನ್ನು ಕೂರಿಸಿಕೊಂಡು ಪುಸ್ತಕ ಮಾಡಿಸೋಣ ಅನ್ನಿಸಿತು. ಕಥೆ ಮಕ್ಕಳದ್ದು, ಚಿತ್ರ ಮಕ್ಕಳದ್ದು, ಹೊಲಿಗೆಯೂ ಅವರದ್ದೇ. ರಟ್ಟು ಮಾತ್ರ ಅಡಿಕೆ ಹಾಳೆಯದ್ದಾಗಬೇಕು, ಗರಿಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿದ್ದು ಆಮೇಲೆ ಉದುರುತ್ತದಲ್ಲ, ಅದು. ಹಾಳೆಗೆ ಹಾಳೆಯೇ ಹೊದಿಕೆ, ಕೇಳೋಕೂ ಚಂದ ಅಲ್ವಾ?

ಅಕ್ಕ ಹತ್ತು ವರ್ಷದಿಂದ ಬೇಸಿಗೆ ಶಿಬಿರ ಮಾಡುತ್ತಾಳೆ. ಕೇಳಿದವಳೇ ನಕ್ಕಳು. "ನಿಂಗೆ ಬೇರೆ ಕೆಲ್ಸ ಇಲ್ವೇನಾ? ಎರಡು ಪಿನ್ ಹೊಡಿ, ಮೇಲೆ ಬಣ್ಣದ ಕಾಗದ ಹಚ್ಚು, ಮುಗೀತು. ಮಕ್ಳು ಹೊಲಿತಾವೆ ಅಂತ ಯಾರು ಹೇಳಿದ್ದು?" ಹಾಳೆ ತಟ್ಟೆಯ ಯಂತ್ರ ಇಟ್ಟುಕೊಂಡಿರುವ ಗೆಳೆಯನೊಬ್ಬ ಇನ್ನೂ ನೇರವಾಗಿ ಹೇಳಿದ. "ಮಾರಾಯ, ಹಾಳೆ ಬಗ್ಗಿಸಕ್ಕೆ ಆಗುತ್ತೆ, ಚಪ್ಪಟೆ ಇಡಕ್ಕೆ ಆಗಲ್ಲ. ಅದಕ್ಕೇ ನಾವು ತಟ್ಟೆ ಮಾಡ್ತೀವಿ, ಹಲಗೆ ಮಾಡಲ್ಲ."

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೊದಲ ವರ್ಷ ನಾನು ಮಾಡಿದ ಪೆದ್ದುತನ ಹೇಳುತ್ತೇನೆ ಕೇಳಿ. ಹಾಳೆ ನೆನೆಸಿದೆ, ಕತ್ತರಿಸಿದೆ, ದಬ್ಬಣದಲ್ಲಿ ಐದು ತೂತು ಹೊಡೆದು ಕಾಗದದ ಜೊತೆಗೇ ಹೊಲಿಸಿದೆ. ನಾರು ಬೆನ್ನಿನ ಉದ್ದಕ್ಕೇ ಇತ್ತು. ಮಡಿಕೆ ಚೆನ್ನಾಗಿ ಬರಲಿ ಅಂತ ನಾನೇ ಹಾಗೆ ಇಟ್ಟಿದ್ದು. ಒಣಗಿದ ಮೇಲೆ ದಾರ ಬಿಗಿದ ಕೂಡಲೇ ಮೊದಲ ತೂತಿನಿಂದ ಕೊನೇ ತೂತಿನವರೆಗೆ ಸೌದೆ ಸೀಳಿದ ಹಾಗೆ ಸೀಳಿತು. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತೋ ಹತ್ತೋ ಮಕ್ಕಳ ಪುಸ್ತಕ ಹೀಗೇ ಹೋಯಿತು. ಒಂದು ಹುಡುಗಿ ಅತ್ತೇಬಿಟ್ಟಳು. ಉಳಿದವು ನಾಲ್ಕು ದಿನದಲ್ಲಿ ಮುದುರಿ ಹಪ್ಪಳದ ಹಾಗಾದವು. ಸಾಲದ್ದಕ್ಕೆ ನೆನೆದ ಹಾಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿದ್ದೆ. ಒಣಗಿ ಅಡ್ಡಕ್ಕೆ ಕಾಲಿಂಚು ಕುಗ್ಗಿತು, ಒಳಗಿನ ಕಾಗದ ಹೊರಗೆ ಇಣುಕಿತು. ಹತ್ತು ದಿನದ ಶಿಬಿರಕ್ಕೆ ತಲೆಗೆ 600 ರೂಪಾಯಿ ತಗೊಂಡಿದ್ದೆ. ಬಂದದ್ದು 8,400. ಹೋದದ್ದು ಹನ್ನೊಂದೂವರೆ ಸಾವಿರದ ಮೇಲೆ. ಅದರಲ್ಲಿ ಮಂಡಕ್ಕಿ, ಪಾನಕದ ಖರ್ಚೇ ಎರಡು ಸಾವಿರ. ಹತ್ತು ದಿನ ಮಕ್ಕಳಿಗೆ ತಿನ್ನಲು ಕೊಡುವ ಲೆಕ್ಕ ನನಗೆ ಗೊತ್ತಿರಲಿಲ್ಲ.

ಎರಡನೇ ವರ್ಷ ಹಾಳೆಯನ್ನು ಹೊಲಿಯುವುದು ಬಿಟ್ಟೆ. ಬೆನ್ನಿಗೆ ಹಳೇ ಪಂಚೆಯ ಬಟ್ಟೆ, ಎರಡೂ ಕಡೆ ಹಾಳೆಯ ರಟ್ಟು. ಲೆಡ್ಜರಿಗೆ ಬಟ್ಟೆ ಬೆನ್ನಿನ ಬೈಂಡಿಂಗ್ ಮಾಡುತ್ತೇವಲ್ಲ, ಅದೇ. ಸೀಳುವುದು ನಿಂತಿತು. ಮುದುರುವುದು ನಿಲ್ಲಲಿಲ್ಲ. ಪ್ರೆಸ್ಸಿನಲ್ಲಿ ಮೂರು ದಿನ ಬಿಗಿದಿಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ತೆಗೆದು ನೋಡಿದರೆ ಹಸಿರು, ಬಿಳಿ, ಕಪ್ಪು, ಮೂರು ಬಣ್ಣದ ಬೂಷ್ಟು! ಮಕ್ಕಳಿಗೆ ಖುಷಿಯೋ ಖುಷಿ. ಭೂತಗನ್ನಡಿ ಹಿಡಿದು ಅರ್ಧ ದಿನ ಅದನ್ನೇ ನೋಡಿದರು. ನನಗೆ ಅರವತ್ತು ರಟ್ಟು ಒಲೆಗೆ ಹೋಯಿತು.

ಅದೇ 2023ರ ಫೆಬ್ರವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ ಇತ್ತು. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡಬಾರದು ಅಂತ ಹಾಳೆ ರಟ್ಟಿನ ಖಾಲಿ ನೋಟ್‌ಬುಕ್ಕು ನೂರು ಮಾಡಿ ಇಟ್ಟಿದ್ದೆ. ಮೂವತ್ತೋ ಮೂವತ್ತೆರಡೋ ಹೋದವು. ಬಿಸಿಲಿಗೆ ಅಂಗಡಿಯ ಮುಂದೆಯೇ ಮುದುರಿಕೊಂಡವು. ಒಬ್ಬರು ಎತ್ತಿ ನೋಡಿ, "ಇದ್ರಲ್ಲಿ ಪಾಯಸ ಹಾಕ್ಬೋದು ಮಾರಾಯ್ರೇ" ಅಂದರು. ಸುಮ್ನೆ ನಕ್ಕೆ. ಇನ್ನೇನು ಮಾಡುವುದು?

ದಾರಿ ಸಿಕ್ಕಿದ್ದು ಮೂರನೇ ವರ್ಷ, ಅದೂ ತಪ್ಪಿನಿಂದ. ಆವರೆಗೆ ಹಾಳೆಯ ಹೊರಮೈಯನ್ನೇ ಪುಸ್ತಕದ ಹೊರಗೆ ಇಡುತ್ತಿದ್ದೆ. ಕಂದು ಬಣ್ಣ, ಗೀರು ಗೀರು, ನೋಡಲು ಚಂದ ಅಂತ. ಒಬ್ಬ ಹುಡುಗ ಉಲ್ಟಾ ಅಂಟಿಸಿದ. ನಯವಾದ ಒಳಮೈ ಹೊರಗೆ ಬಂತು. ಬೈದು ಪಕ್ಕಕ್ಕಿಟ್ಟೆ. ವಾರ ಬಿಟ್ಟು ನೋಡಿದರೆ ಎಲ್ಲ ಪುಸ್ತಕಗಳ ನಡುವೆ ಅವನದೊಂದೇ ನೆಟ್ಟಗೆ ಮಲಗಿದೆ.

ಆಮೇಲೆ ಕೂತು ಯೋಚಿಸಿದೆ. ಹಾಳೆ ಯಾವಾಗಲೂ ಒಳಮೈ ಕಡೆಗೇ ಮುದುರುತ್ತದೆ, ಮರವನ್ನು ತಬ್ಬಿಕೊಂಡಿದ್ದ ಅಭ್ಯಾಸ ಅದಕ್ಕೆ. ರಟ್ಟಿನ ಒಳಗೆ ಅಂಟಿಸುವ ಕಾಗದವೂ ಒಣಗುವಾಗ ತನ್ನ ಕಡೆಗೇ ಎಳೆಯುತ್ತದೆ. ನಾನು ಎರಡೂ ಒಂದೇ ಕಡೆ ಎಳೆಯುವ ಹಾಗೆ ಮಾಡಿದ್ದೆ. ಒಳಮೈ ಹೊರಗಿಟ್ಟರೆ ಹಾಳೆ ಆಚೆ ಎಳೆಯುತ್ತದೆ, ಕಾಗದ ಈಚೆ ಎಳೆಯುತ್ತದೆ. ಹಗ್ಗ ಜಗ್ಗಾಟ ಸಮ ಸಮ. ಕಾಗದದ ನಾರೂ ಹಾಳೆಯ ನಾರೂ ಎರಡೂ ಬೆನ್ನಿನ ಉದ್ದಕ್ಕೇ ಇರಬೇಕು, ಇದನ್ನು ಮರೆತರೆ ಮೂಲೆ ತಿರುಚಿಕೊಳ್ಳುತ್ತದೆ. ಇನ್ನೊಂದು ಲಾಭ, ಹಾಳೆಯ ಹೊರಮೈ ತರಿ ತರಿ ಇರುವುದರಿಂದ ಅಂಟು ಚೆನ್ನಾಗಿ ಕಚ್ಚುತ್ತದೆ. ಮೊದಲೆರಡು ವರ್ಷ ನಯವಾದ ಮೈಗೆ ಉಪ್ಪು ಕಾಗದ ಉಜ್ಜಿ ಉಜ್ಜಿ ಮಕ್ಕಳ ಕೈ ನೋಯಿಸಿದ್ದೆ.

ಈಗ ಮಾಡುವುದು ಹೀಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಿದ್ದ ಹಾಳೆಯನ್ನೇ ಆರಿಸಬೇಕು. ಮಳೆ ತಾಗಿದ್ದಕ್ಕೆ ಒಳಗೇ ಕಪ್ಪು ಚುಕ್ಕೆ ಇರುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಒಂದು ಗಂಟೆ ನೆನೆಸಿ, ಒದ್ದೆ ಇರುವಾಗಲೇ ತಗಡು ಕತ್ತರಿಯಲ್ಲಿ ಸುತ್ತ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸಬೇಕು. ಒಂದು ಹಾಳೆಯಲ್ಲಿ ನಡುವಿನ ದಪ್ಪ ಭಾಗದಿಂದ ಮೂರು, ಹೆಚ್ಚೆಂದರೆ ನಾಲ್ಕು ರಟ್ಟು ಸಿಗುತ್ತದೆ. ಎರಡು ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಹೊಡೆದು, ಬಿಸಿ ಇರುವಾಗಲೇ ಕಡಪ ಕಲ್ಲಿನ ಅಡಿಗೆ ಹಾಕಬೇಕು. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಬೇಕು. ಸೋಮಾರಿತನ ಮಾಡಿದರೆ ಅದೇ ಮೂರು ಬಣ್ಣದ ಬೂಷ್ಟು. ಒಣಗಿದ ಮೇಲೆ ಕಟಿಂಗ್ ಮೆಷಿನ್ನಿನಲ್ಲಿ ಅಳತೆಗೆ ಹೊಡೆಯುತ್ತೇನೆ, ಮಕ್ಕಳನ್ನು ಅದರ ಹತ್ತಿರ ಬಿಡುವುದಿಲ್ಲ. ನೆನೆಸುವ ಕೊನೇ ನೀರಿಗೆ ನಾನೊಂದು ಕಷಾಯ ಹಾಕುತ್ತೇನೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಅಡಿಗೆ ಮನೆಯಲ್ಲಿ ಇರುವುದೇ, ವಿಷ ಅಲ್ಲ, ಅಷ್ಟು ಹೇಳಬಲ್ಲೆ.

ವಿಷದ ಮಾತು ಬಂತು. ನಮ್ಮ ಕಸುಬಿನಲ್ಲಿ ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುವುದು ರೂಢಿ. ಅಪ್ಪನೂ ಹಾಕುತ್ತಿದ್ದರು. ಇಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪ್ರತಿ ಮನೆಯಲ್ಲೂ ಮೈಲುತುತ್ತ ಇರುತ್ತದೆ. ಒಬ್ಬ ಹುಡುಗ ಜೇಬಿನಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದೇಬಿಟ್ಟಿದ್ದ, "ಅಂಕಲ್, ಹಾಕಿ" ಅಂತ. ಕಿತ್ತುಕೊಂಡು ಕೈ ತೊಳೆಸಿದೆ. ಮಕ್ಕಳು ಕೈಯಲ್ಲಿ ಕಲಸುವ ಅಂಟಿಗೆ ಅದು ಬೇಡವೇ ಬೇಡ. ಕಾಗದಕ್ಕೆ ಬರೀ ಮೈದಾ, ಅದೂ ದಿನಾ ಹೊಸದು. ಹಾಳೆಗೆ ಫೆವಿಕಾಲ್.

ಒಳಗಿನ ಕಾಗದದ ಕಥೆ ಬೇಗ ಮುಗಿಸುತ್ತೇನೆ. ನೂರು ಜಿಎಸ್‌ಎಂ ದಪ್ಪದ ಮ್ಯಾಪ್ಲಿಥೋ ಅನ್ನುವ ಬಿಳಿ ಕಾಗದ, ಡೆಮಿ ಅಳತೆಯ ದೊಡ್ಡ ಶೀಟು. ಎಪ್ಪತ್ತರದ್ದು ತಂದರೆ ಸ್ಕೆಚ್ ಪೆನ್ನು ಹಿಂದಕ್ಕೆ ಇಳಿಯುತ್ತದೆ. ಒಂದು ಶೀಟು ಮೂರು ಮಡಿಕೆ ಮಾಡಿದರೆ ಹದಿನಾರು ಪುಟ, ಒಂದು ಪುಸ್ತಕಕ್ಕೆ ಅಷ್ಟು ಸಾಕು. ಮೂರು ತೂತಿನ ಹೊಲಿಗೆ. ಏಳು ವರ್ಷದ ಮೇಲಿನ ಯಾವ ಮಗುವೂ ಅರ್ಧ ಗಂಟೆಯಲ್ಲಿ ಕಲಿಯುತ್ತದೆ, ಅಕ್ಕ ಏನೇ ಹೇಳಲಿ. ಒಂದು ಸಲ ಆಟಕ್ಕೆ ಅಂತ ಮಡಿಸುವ ಮೊದಲೇ ಬಿಡಿಸಿದ ಶೀಟಿನ ಮೇಲೆ ಪುಟಸಂಖ್ಯೆ ಬರೆಯಿರಿ ಅಂದೆ. ಒಂದು ಮೈಯಲ್ಲಿ 1, 4, 5, 8, 9, 12, 13, 16 ಬರಬೇಕು, ಅರ್ಧ ತಲೆಕೆಳಗಾಗಿ. ಅರ್ಧ ದಿನ ಗಲಾಟೆಯೋ ಗಲಾಟೆ. ಕೊನೆಗೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬೆನ್ನಿನ ಮಡಿಕೆಯ ಆಚೆ ಈಚೆ ಬರುವ ಎರಡು ಪುಟ ಕೂಡಿದರೆ ಯಾವಾಗಲೂ 17 ಅಂತ ಕಂಡುಹಿಡಿದಳು. ನನಗೆ ಈ ಕಸುಬಿನಲ್ಲಿ ಇಪ್ಪತ್ತೈದು ವರ್ಷ, ಯಾವತ್ತೂ ಕೂಡಿ ನೋಡಿರಲಿಲ್ಲ!

ಕಥೆಯ ವಿಷಯಕ್ಕೆ ಬಂದರೆ ಅಲ್ಲೂ ಎಡವಿದ್ದೆ. "ನಿಮ್ಮದೇ ಕಥೆ ಬರೀರಿ" ಅಂದರೆ ಮಕ್ಕಳು ಟಿವಿಯ ಕಾರ್ಟೂನು ಬರೆದರು. ಹದಿನಾಲ್ಕರಲ್ಲಿ ಹನ್ನೊಂದು ಪುಸ್ತಕದಲ್ಲಿ ಒಬ್ಬನೇ ಹೀರೋ. ಮುಂದಿನ ವರ್ಷದಿಂದ ನಿಯಮ ಮಾಡಿದೆ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಹೇಳಿದ ಕಥೆ ತರಬೇಕು. ಅಜ್ಜಿ ದೂರ ಇದ್ದರೆ ಫೋನ್ ಮಾಡಿ ಕೇಳಿಕೊಂಡು ಬರಬೇಕು. ಬರೆಯುವ ಮೊದಲು ಜಗಲಿಯ ಮೇಲೆ ಕೂತು ತನಗಿಂತ ಚಿಕ್ಕ ಮಗುವಿಗೆ ಅದನ್ನು ಹೇಳಬೇಕು. ಚಿಕ್ಕದು ಎಲ್ಲಿ "ಆಮೇಲೆ?" ಅನ್ನುತ್ತದೋ ಅಲ್ಲಿ ಒಂದು ಕಡ್ಡಿ ಇಡಬೇಕು. ಕಡ್ಡಿ ಬಿದ್ದ ಜಾಗದಲ್ಲೇ ಪುಟ ತಿರುಗಬೇಕು. ಈ ಒಂದು ಉಪಾಯದಿಂದ ಪುಸ್ತಕಗಳ ರುಚಿಯೇ ಬದಲಾಯಿತು. ಅಜ್ಜಿಯ ಊರಿಗೆ ಬಸ್ಸಿನಲ್ಲಿ ಹೋಗುವಾಗ ವಾಂತಿ ಮಾಡಿಕೊಂಡ ಹುಲಿಯ ಕಥೆ ಒಂದು ಇದೆ. ಅದಕ್ಕೆ ಬೇಕಾದಷ್ಟು ಕಡ್ಡಿ ಬಿದ್ದಿದ್ದವು. ಅಜ್ಜಿ ಹೇಳಿದ್ದು ಬರೀ ಹುಲಿಯ ಕಥೆಯಂತೆ, ಬಸ್ಸು ಮೊಮ್ಮಗನ ಸೇರ್ಪಡೆ.

ಅರಿವು ಕೇಂದ್ರದ ಹುಡುಗ ವಾಪಸ್ ಕೊಡದೆ ಇಟ್ಟುಕೊಂಡಿರುವುದು ಅದನ್ನೇ.

ಬಣ್ಣದ ಪ್ರಯೋಗ ಹೇಳದೆ ಇರಲಾರೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಕೈಮಗ್ಗದ ಸಹಕಾರ ಸಂಘ ಚರಕದವರು ಬಟ್ಟೆಗೆ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣ ಹಾಕುವುದು ನೋಡಿದ್ದೆ. ಅಡಿಕೆ ಬೇಯಿಸುವ ಕಾಲದಲ್ಲೇ ಎರಡು ಬಾಟಲಿ ಚೊಗರು ತುಂಬಿಸಿಟ್ಟುಕೊಂಡೆ, ಏಪ್ರಿಲ್‌ನಲ್ಲಿ ಕೇಳಿದರೆ ಯಾರ ಮನೆಯಲ್ಲೂ ಸಿಗುವುದಿಲ್ಲ. ಅದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿ ವಾರ ಬಿಟ್ಟರೆ ಕಪ್ಪು ಶಾಯಿ. ಪೆನ್ನಿಗೆ ಹಾಕಿದರೆ ಕಟ್ಟಿಕೊಂಡಿತು, ಎರಡು ಪೆನ್ನು ಹಾಳು. ಅರಿಶಿನ ಬಳಿದ ಕಾಗದದ ಮೇಲೆ ಸುಣ್ಣದ ತಿಳಿಯಲ್ಲಿ ಬರೆದು ಕೆಂಪು ಅಕ್ಷರ ಬರಿಸಿದೆವು. ಮಕ್ಕಳು ಕುಣಿದಾಡಿದರು, ಆದರೆ ತಿಂಗಳಲ್ಲಿ ಮಾಸಿತು. ಬೀಟ್ರೂಟು ಇನ್ನೂ ಬೇಗ. ಕೊನೆಗೆ ನಿಂತದ್ದು ಚೊಗರು ಮತ್ತು ಕೆಮ್ಮಣ್ಣು ಎರಡೇ.

ಕೆಮ್ಮಣ್ಣು ಬಂದದ್ದು ಪಕ್ಕದ ಹಳ್ಳಿಯ ದೀವರ ಸಮುದಾಯದ ಅಜ್ಜಿಯೊಬ್ಬರಿಂದ. ಭೂಮಿ ಹುಣ್ಣಿಮೆಯ ಪೂಜೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವವರು. ಎರಡು ದಿನ ಬಂದು ರಟ್ಟಿನ ಮೇಲೆ ಎಳೆ ಎಳೆಯುವುದು ಕಲಿಸಿದರು. ಅಂಗಡಿಯ ಬ್ರಷ್ ಮುಟ್ಟಲಿಲ್ಲ. ಪುಂಡಿ ನಾರನ್ನು ಜಜ್ಜಿ ಕಟ್ಟಿಕೊಂಡೇ ಬಂದಿದ್ದರು. ಒಣಗಿದ ಕೆಮ್ಮಣ್ಣು ಹಾಳೆಯಿಂದ ಉದುರುತ್ತಿತ್ತು, ಸ್ವಲ್ಪ ಫೆವಿಕಾಲ್ ಬೆರೆಸಿದೆ. "ಬುಟ್ಟಿಗೆ ಇದೆಲ್ಲ ಬ್ಯಾಡ" ಅಂತ ಗೊಣಗಿದರು. ಉದುರುವುದು ನಿಂತ ಮೇಲೆ ಸುಮ್ಮನಾದರು. ಅವರಿಗೆ ದಿನಕ್ಕೆ ಎಂಟುನೂರು ಕೊಟ್ಟೆ. ಶಿಬಿರ ಮಾಡುವವರು ಇಂಥವರನ್ನು ಬರೀ ಶಾಲು ಹೊದಿಸಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮ್ಯಾಪ್ಲಿಥೋ ಐನೂರು ಶೀಟಿನ ರೀಮಿಗೆ ಸಾವಿರದ ಮುನ್ನೂರರ ಆಸುಪಾಸು, ಅಂದರೆ ಪುಸ್ತಕಕ್ಕೆ ಕಾಗದ ಮೂರು ರೂಪಾಯಿ ಒಳಗೆ. ಹಾಳೆ ತೋಟದಿಂದ ತಂದರೆ ಎರಡು ರೂಪಾಯಿಗೊಂದು. ಬಟ್ಟೆ, ದಾರ, ಅಂಟು, ಕರೆಂಟು ಎಲ್ಲ ಸೇರಿ ಒಂದು ಪುಸ್ತಕ ಇಪ್ಪತ್ತೈದು ರೂಪಾಯಿ ಮೀರುವುದಿಲ್ಲ. ಎರಡನೇ ವರ್ಷ ಶಿಬಿರ ಹಾಕಿದ್ದಕ್ಕೆ ಬಂದದ್ದಕ್ಕೆ ಸರಿಹೋಯಿತು, ಜಾತ್ರೆಯ ಗುಂಡಿ ಬೇರೆ. ಮೂರನೇ ವರ್ಷ ಸ್ವಲ್ಪ ಉಳಿಯಿತು. 2025ರಲ್ಲಿ 26 ಮಕ್ಕಳು, ತಲೆಗೆ ಸಾವಿರ. ಖರ್ಚು ಹದಿನೇಳು ಚಿಲ್ಲರೆ ಸಾವಿರ. ಉಳಿದದ್ದರಲ್ಲಿ ಕಟಿಂಗ್ ಮೆಷಿನ್ನಿಗೆ ಹೊಸ ಬ್ಲೇಡು ಹಾಕಿಸಿದೆ.

ಒಂದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಪುಸ್ತಕವನ್ನೇ ಹಾಳೆಯಲ್ಲಿ ಮಾಡಬೇಕು, ಹರಿಯಬಾರದು, ಕಚ್ಚಿದರೂ ತೊಂದರೆ ಇರಬಾರದು ಅಂತ ಆಸೆ. ನಾಲ್ಕು ಮಾಡಿದೆ. ಅಂಚು ಚೂಪಾಗಿ ಬೆರಳು ಗೀರುತ್ತದೆ. ಅಂಚಿಗೆ ಬಟ್ಟೆ ಮಡಿಸಿ ಹೊಲಿದರೆ ಪುಸ್ತಕ ದಿಂಬಿನ ಹಾಗೆ ಉಬ್ಬುತ್ತದೆ. ಯಾರಾದರೂ ದಾರಿ ಕಂಡಿದ್ದರೆ ಹೇಳಿ. ಆ ನಾಲ್ಕನ್ನು ಮಕ್ಕಳು ಅಂಗಳದಲ್ಲಿ ಗೊಂಬೆ ಕೂರಿಸಿಕೊಂಡು ಎಳೆಯುತ್ತಿದ್ದಾರೆ, ನಾವು ಚಿಕ್ಕವರಿದ್ದಾಗ ಒಬ್ಬರನ್ನೊಬ್ಬರು ಹಾಳೆ ಮೇಲೆ ಕೂರಿಸಿ ಎಳೆಯುತ್ತಿದ್ದ ಹಾಗೆ.

ಮೊನ್ನೆ ಅಕ್ಕನಿಗೆ ಆ ಐದು ಪುಸ್ತಕ ತೋರಿಸಿದೆ. ಎತ್ತಿ, ಬೆಳಕಿಗೆ ಹಿಡಿದು, ಮೂಸಿಯೂ ನೋಡಿದಳು. ಏನೂ ಹೇಳದೆ ಹೋದಳು. ರಾತ್ರಿ ಫೋನ್ ಬಂತು. "ಅಲ್ಲಾ, ಆ ಕೊನೇ ನೀರಿಗೆ ಎಂತ ಹಾಕ್ತೀಯ?" ಅಂತ ಕೇಳಿದಳು.

"ರಟ್ಟು ಬೇಕಾದ್ರೆ ಕೊಡ್ತೀನಿ ಅಕ್ಕ. ಜೋಡಿಗೆ ಹದಿನೈದು ರೂಪಾಯಿ" ಅಂದೆ.

ಮೂವತ್ತು ಜೋಡಿ ಹೇಳಿದ್ದಾಳೆ. ದುಡ್ಡು ಇನ್ನೂ ಕೊಟ್ಟಿಲ್ಲ.