ನಾಕ್ಸೋಸ್‌ನಲ್ಲಿ ಅಮ್ಮನ ಜೊತೆ ಏಳು ರಾತ್ರಿ

ನಮ್ಮ ಗ್ರೀಸ್ ಪ್ರವಾಸಕ್ಕೆ ಏಜೆಂಟ್ ಕಳಿಸಿದ ಪ್ಲಾನಿನಲ್ಲಿ ಎಂಟು ದಿನಕ್ಕೆ ನಾಲ್ಕು ದ್ವೀಪ ಇದ್ದವು. ಮಿಕೊನೋಸ್, ಮಿಲೋಸ್, ಸ್ಯಾಂಟೊರಿನಿ, ಕ್ರೀಟ್. ಅಮ್ಮ ಅದನ್ನು ಓದಿ, "ಒಗೆದ ಬಟ್ಟೆ ಒಣಗೋಕೂ ಟೈಮಿಲ್ಲವಲ್ಲೇ ಇದರಲ್ಲಿ" ಅಂದರು. ಅಲ್ಲಿಗೆ ಆ ಪ್ಲಾನ್ ಬಿಟ್ಟೆವು. ಒಂದೇ ದ್ವೀಪ, ಒಂದೇ ರೂಮು, ಏಳು ರಾತ್ರಿ ಅಂತ ತೀರ್ಮಾನ ಮಾಡಿದೆವು.

ಗ್ರೀಸ್‌ನ ಸೈಕ್ಲೇಡ್ಸ್ ದ್ವೀಪಗಳಲ್ಲೆಲ್ಲ ದೊಡ್ಡದು ನಾಕ್ಸೋಸ್. ಇಲ್ಲಿ ಬೇಸಾಯ ಇದೆ, ಕುರಿ, ಆಡು, ದನ ಇವೆ, ಇಲ್ಲಿನ ಆಲೂಗಡ್ಡೆ ಇಡೀ ಗ್ರೀಸ್‌ನಲ್ಲಿ ಹೆಸರುವಾಸಿ. ಪ್ರವಾಸಿಗಳು ಬರಲಿ ಬಿಡಲಿ ತನ್ನ ಪಾಡಿಗೆ ನಡೆಯುವ ಊರು ಬೇಕಿತ್ತು ನನಗೆ, ಅದಕ್ಕೇ ಇದನ್ನು ಆರಿಸಿದೆ. ಜೂನ್ ಮೊದಲ ವಾರ ಆರಿಸಿದ್ದಕ್ಕೂ ಕಾರಣ ಇದೆ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ತೆಮಿ ಅನ್ನುವ ಗಾಳಿ ಜೋರಾಗಿ ಬೀಸುತ್ತದೆ, ಜನವೂ ಜಾಸ್ತಿ. ಆದರೆ ಜೂನ್ ಶುರುವಿನಲ್ಲಿ ನೀರು ಇನ್ನೂ ತಣ್ಣಗೇ ಇರುತ್ತದೆ. 20-21 ಡಿಗ್ರಿ ಅಷ್ಟೇ. ಮೊದಲ ದಿನ ಮೊಣಕಾಲಿನ ತನಕ ಇಳಿಯುವುದಕ್ಕೇ ಹತ್ತು ನಿಮಿಷ ಬೇಕಾಯಿತು.

ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಮಾರ್ಚ್‌ನಲ್ಲೇ ಅರ್ಜಿ ಹಾಕಿದ್ದೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಫೆರ್ರಿ ಹಿಡಿದೆವು. ಐದೂವರೆ ಗಂಟೆ ಹತ್ತಿರ ಆಯಿತು. ವೇಗದ ಹಡಗೂ ಇದೆ, ಆದರೆ ಅದರಲ್ಲಿ ಒಳಗೇ ಕೂತಿರಬೇಕು, ಅಲೆ ಎದ್ದರೆ ಹೊಟ್ಟೆ ತೊಳೆಸುತ್ತದೆ. ದೊಡ್ಡದರಲ್ಲಿ ಮೇಲಿನ ಡೆಕ್‌ನಲ್ಲಿ ಕೂತು, ಬುತ್ತಿ ಬಿಚ್ಚಿ ತಿಂದುಕೊಂಡು, ಒಂದೊಂದೇ ದ್ವೀಪ ಹಿಂದೆ ಸರಿಯುವುದನ್ನು ನೋಡುತ್ತಾ ಹೋಗಬಹುದು. ಅಮ್ಮನಿಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದ ಹೊತ್ತುಗಳಲ್ಲಿ ಇದೂ ಒಂದು.

ರೂಮು ಹಿಡಿದದ್ದು ಸೇಂಟ್ ಜಾರ್ಜ್ ಬೀಚ್ ಹತ್ತಿರ. ಊರಿನಿಂದ ನಡೆದೇ ಹೋಗಬಹುದು, ನೀರು ಬಹಳ ದೂರದವರೆಗೂ ಆಳ ಇಲ್ಲ. ಈಜು ಬಾರದ ಅಮ್ಮ ಧೈರ್ಯವಾಗಿ ಕೂತು ಅಲೆಯಲ್ಲಿ ಕಾಲಾಡಿಸಿದರು. ಎರಡು ದಿನ ಬಸ್ಸಿನಲ್ಲಿ ಪ್ಲಾಕಾ ಬೀಚಿಗೂ ಹೋದೆವು, ಉದ್ದಕ್ಕೂ ಮರಳು. ಮಧ್ಯಾಹ್ನ ಎರಡರಿಂದ ಐದರವರೆಗೆ ಊರೇ ಮಲಗುತ್ತದೆ, ನಾವೂ ಮಲಗಿದೆವು.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಸಸ್ಯಾಹಾರಿಗಳು ಹೆದರುವುದೇ ಅದಕ್ಕಲ್ವಾ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಮಾಡುತ್ತಾರೆ. ಆಗ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ಅಡುಗೆಗೆ 'ನಿಸ್ತಿಸಿಮೊ' ಅಂತ ಹೆಸರು. ಈ ಒಂದು ಪದ ನಮ್ಮನ್ನು ಏಳು ದಿನ ಕಾಪಾಡಿತು. ಒಂದು ಎಚ್ಚರಿಕೆ ಇರಲಿ, ಆಕ್ಟೋಪಸ್, ಸಿಗಡಿ ಅವರ ಉಪವಾಸಕ್ಕೆ ನಡೆಯುತ್ತದೆ, ಹಾಗಾಗಿ ಅದೂ ಬೇಡ ಅಂತ ಬಿಡಿಸಿ ಹೇಳಬೇಕು. ಫಾವಾ ಅಂತ ಹಳದಿ ಬೇಳೆ ಬೇಯಿಸಿ ಗಟ್ಟಿಯಾಗಿ ಕಡೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ಅಮ್ಮ ಒಂದು ಚಮಚ ಬಾಯಿಗಿಟ್ಟು "ಒಗ್ಗರಣೆ ಇಲ್ಲದ ತೊವ್ವೆ" ಅಂದರು, ಆಮೇಲೆ ದಿನವೂ ಅದನ್ನೇ ಕೇಳಿದರು. ಟೊಮ್ಯಾಟೊ ಒಳಗೆ ಅನ್ನ ತುಂಬಿದ ಗೆಮಿಸ್ತಾ, ದೊಡ್ಡ ಬಿಳಿ ಬೀನ್ಸ್‌ನ ಗಿಗಾಂತೆಸ್ ಕೂಡ ಚೆನ್ನಾಗಿದ್ದವು. ಗೆಮಿಸ್ತಾದಲ್ಲಿ ಕೆಲವು ಕಡೆ ಕೈಮಾ ಇರುತ್ತದೆ, ಕೇಳಿ ತಿನ್ನಿ.

ನಾಲ್ಕನೇ ದಿನ ಒಳನಾಡಿನ ಹಾಲ್ಕಿ ಎಂಬ ಹಳ್ಳಿಗೆ ಬಸ್ಸಿನಲ್ಲಿ ಹೋದೆವು. 1896ರಿಂದ ಅಲ್ಲಿ ಕಿತ್ರೋ ಮರದ ಎಲೆಯಿಂದ ಮದ್ಯ ಬಟ್ಟಿ ಇಳಿಸುತ್ತಿದ್ದಾರೆ. ನಾವು ಕುಡಿಯಲಿಲ್ಲ. ಅಮ್ಮ ಅಂಗಳದಲ್ಲಿ ಬಿದ್ದಿದ್ದ ಒಂದು ಎಲೆ ಎತ್ತಿಕೊಂಡು, ಕಿವುಚಿ ಮೂಗಿಗೆ ಹಿಡಿದು, ಅಲ್ಲೇ ನಿಂತುಬಿಟ್ಟರು. "ಇದು ಮಾದಲ ಕಣೇ. ಅಜ್ಜಿ ಮನೆ ಬಾವಿ ಪಕ್ಕದಲ್ಲಿತ್ತಲ್ಲ, ಅದೇ." ನಿಜ, ಕಿತ್ರೋ ಅಂದರೆ ಮಾದಲವೇ. ಪಕ್ಕದ ಕೆಫೆಯಲ್ಲಿ ಅದರ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಹಾಕಿಟ್ಟದ್ದನ್ನು ಚಿಕ್ಕ ತಟ್ಟೆಯಲ್ಲಿ, ಒಂದು ಲೋಟ ತಣ್ಣೀರಿನ ಜೊತೆ ಕೊಟ್ಟರು. ಅಮ್ಮ ಮತ್ತೂ ಒಂದು ತಟ್ಟೆ ತರಿಸಿದರು. ಆಮೇಲೆ ಅರ್ಧ ಗಂಟೆ ಅಜ್ಜಿಯ ಬಗ್ಗೆ ನನಗೆ ಗೊತ್ತೇ ಇಲ್ಲದ ಕತೆಗಳನ್ನು ಹೇಳಿದರು. ಅವತ್ತು ಮುಂದಿನ ಹಳ್ಳಿ ನೋಡುವುದಿತ್ತು. ಹೋಗಲಿಲ್ಲ.

ಸಂಜೆಗಳು ಪೋರ್ತಾರಾಕ್ಕೇ ಮೀಸಲು. ಕ್ರಿ.ಪೂ. 530ರ ಸುಮಾರಿಗೆ ಶುರುವಾಗಿ ಮುಗಿಯದೇ ಉಳಿದ ದೇವಸ್ಥಾನದ ಅಮೃತಶಿಲೆ ಬಾಗಿಲು ಅದು, ಸಮುದ್ರದ ಅಂಚಿನಲ್ಲಿ ಒಂಟಿಯಾಗಿ ನಿಂತಿದೆ. ಸೂರ್ಯ ಮುಳುಗುವುದು ಎಂಟೂವರೆಯ ಹೊತ್ತಿಗೆ, ಶಾಲು ಬೇಕಾಗುತ್ತದೆ.

ಒಂದು ಮಾತು. ಗಾಳಿ ಜೋರಾದರೆ ಫೆರ್ರಿ ನಿಲ್ಲಿಸುತ್ತಾರೆ, ಆದ್ದರಿಂದ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲಿರಿ. ನಾವು ಹಾಗೇ ಮಾಡಿದೆವು. ಅಮ್ಮನ ಚೀಲದಲ್ಲಿ ಮಾದಲದ ಸಿಹಿಯ ಎರಡು ಬಾಟಲಿ ಇದ್ದವು, ಒಂದು ಚಿಕ್ಕಮ್ಮನಿಗೆ.